ಎಲೆಯ ಮೇಲಿನ ಬಿಳಿ ಮೇಣ: ಮನೆಯಲ್ಲೇ ಪರೀಕ್ಷೆ ಮಾಡಿ ನೋಡುವ ಬಗೆ

ಎಲೆಕೋಸಿನ ಹೊರಗಿನ ಎಲೆಯೊಂದನ್ನು ತೆಗೆದುಕೊಂಡು ಹೆಬ್ಬೆರಳಿನಿಂದ ಒಂದು ಸಲ ಉಜ್ಜಿ. ಬೆರಳು ಹೋದ ಕಡೆ ಬೂದುನೀಲಿ ಬಣ್ಣ ಹೋಗಿ ಹೊಳೆಯುವ ಹಸಿರು ಗೆರೆ ಬೀಳುತ್ತದೆ. ಈಗ ಎಲೆಯನ್ನು ನಲ್ಲಿ ಕೆಳಗೆ ಹಿಡಿಯಿರಿ. ಉಜ್ಜದ ಭಾಗದಲ್ಲಿ ನೀರು ಗುಂಡಗೆ ಹನಿಗಟ್ಟಿ ಜಾರಿಹೋಗುತ್ತದೆ, ಉಜ್ಜಿದ ಗೆರೆಯ ಮೇಲೆ ಮಾತ್ರ ಅಂಟಿಕೊಂಡು ನಿಲ್ಲುತ್ತದೆ. ಬೆರಳಿಗೆ ಬಂದದ್ದು ಧೂಳಲ್ಲ. ಗಿಡವೇ ಮಾಡಿಕೊಂಡ ಮೇಣ. ಅದೂ ಬಳಿದ ಹಾಗೆ ಸಪಾಟಾಗಿ ಇರುವ ಮೇಣ ಅಲ್ಲ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹರಳುಗಳು.

ಆ ಮೇಣದಲ್ಲಿ ಯಾವ ಅಣು ಜಾಸ್ತಿ ಇದೆ ಅನ್ನುವುದರ ಮೇಲೆ ಹರಳಿನ ಆಕಾರ ನಿಂತಿದೆ. ಹರಳಿನ ಆಕಾರದ ಮೇಲೆ ನೀರು ನಿಲ್ಲುತ್ತದೋ ಉರುಳುತ್ತದೋ ಅನ್ನುವುದು ನಿಂತಿದೆ. ಹಾಗಾಗಿ ಒಂದು ಹನಿ ನೀರು, ಒಂದು ಮೇಣದಬತ್ತಿ, ಒಂದು ಫೋನ್ ಕ್ಯಾಮೆರಾ ಇದ್ದರೆ ಎಲೆಯ ರಸಾಯನದ ಬಗ್ಗೆ ಎಷ್ಟೋ ವಿಷಯ ಮನೆಯಲ್ಲೇ ಕೂತು ತಿಳಿಯಬಹುದು. ಮಕ್ಕಳ ಜೊತೆ ಮಾಡುವುದಕ್ಕೆ ಚೆನ್ನಾಗಿದೆ. ಗಿಡಗಳಿಗೆ ಔಷಧಿ ಹೊಡೆಯುವವರಿಗಂತೂ ಇದು ಕೆಲಸಕ್ಕೆ ಬರುವ ವಿಷಯ.

ಮೊದಲು ಎಲೆ ಆರಿಸಿಕೊಳ್ಳಿ

ಎರಡು ಗುಂಪು ಮಾಡಿ. ಒಂದರಲ್ಲಿ ಪುಡಿ ಪುಡಿ ಮೇಣ ಇರುವವು: ತಾವರೆ, ಕೆಸು, ಎಲೆಕೋಸು, ಈರುಳ್ಳಿ ಎಲೆ, ಬಾಳೆ ಎಲೆಯ ಹಿಂಬದಿ, ಜೋಳದ ದಂಟನ್ನು ಸುತ್ತಿಕೊಂಡಿರುವ ಎಲೆಯ ಬುಡ, ಔಡಲದ ಕಾಂಡ, ಕಬ್ಬಿನ ಗಿಣ್ಣಿನ ಕೆಳಗಿರುವ ಬಿಳಿ ಪಟ್ಟಿ. ಇನ್ನೊಂದರಲ್ಲಿ ಹೊಳೆಯುವ ಎಲೆಗಳು: ಮಾವು, ಹಲಸು, ವೀಳ್ಯದೆಲೆ. ಹೊಳೆಯುವ ಎಲೆಯಲ್ಲಿ ಮೇಣವೇ ಇಲ್ಲ ಅಂದುಕೊಳ್ಳಬೇಡಿ. ಅಲ್ಲೂ ಇದೆ. ತೆಳುವಾಗಿ ಸಪಾಟಾಗಿ ಹರಡಿಕೊಂಡಿದೆ, ಅದಕ್ಕೇ ಬೆಳಕು ಕನ್ನಡಿಯಲ್ಲಿ ಬಿದ್ದಂತೆ ತಿರುಗಿ ಹೊಳೆಯುತ್ತದೆ. ಹರಳಾಗಿ ಎದ್ದು ನಿಂತ ಮೇಣ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತದೆ, ಆದ್ದರಿಂದ ಎಲೆ ಮಸುಕಾಗಿ, ಬೂದು ನೀಲಿಯಾಗಿ ಕಾಣುತ್ತದೆ.

ತಾವರೆ ತರಲು ಹೋದವರು ಎಷ್ಟೋ ಸಲ ನೈದಿಲೆ ಎಲೆ ತಂದುಬಿಡುತ್ತಾರೆ. ನೋಡಿಕೊಳ್ಳುವುದು ಸುಲಭ. ತಾವರೆ ಎಲೆ ಪೂರ್ತಿ ದುಂಡಗೆ ಇರುತ್ತದೆ, ದಂಟು ನಡುಮಧ್ಯದಲ್ಲಿ ಸೇರುತ್ತದೆ, ಬೆಳೆದ ಎಲೆ ನೀರಿನಿಂದ ಮೇಲೆದ್ದು ನಿಲ್ಲುತ್ತದೆ. ನೈದಿಲೆಯ ಎಲೆಗೆ ಅಂಚಿನಿಂದ ದಂಟಿನವರೆಗೆ ಒಂದು ಸೀಳು ಇರುತ್ತದೆ, ಅದು ನೀರಿನ ಮೇಲೆ ಮಲಗಿರುತ್ತದೆ. ನೀರು ಉರುಳುವ ಆಟಕ್ಕೆ ತಾವರೆಯೇ ಬೇಕು. ಸಿಗದಿದ್ದರೆ ಕೆಸು ಸಾಕು, ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ಎಲ್ಲಿ ನೋಡಿದರೂ ಅದೇ ತಾನೆ.

ಎಲೆಯನ್ನು ಮುಟ್ಟುವಾಗ ಅಂಚು ಅಥವಾ ದಂಟು ಮಾತ್ರ ಹಿಡಿಯಿರಿ. ತೊಳೆಯಬೇಡಿ, ಒರೆಸಬೇಡಿ, ಒಂದರ ಮೇಲೊಂದು ಪೇರಿಸಬೇಡಿ. ಈ ಹರಳುಗಳು ಅಷ್ಟು ನಾಜೂಕು. ಬೆರಳು ತಾಗಿದರೆ ಮುರಿದು ಬೀಳುತ್ತವೆ.

ಹನಿ ಇಟ್ಟು ಕೋನ ಅಳೆಯುವುದು

ಎಲೆಯಿಂದ ಎರಡು ಬೆರಳಗಲದ ತುಂಡು ಕತ್ತರಿಸಿ, ಸಪಾಟಾದ ಡಬ್ಬಿಯ ಅಂಚಿಗೆ ಎರಡೂ ತುದಿಯಲ್ಲಿ ಸೆಲ್ಲೋಟೇಪ್ ಹಾಕಿ ಕೂರಿಸಿ. ಹಿಂದೆ ಬಿಳಿ ಹಾಳೆ ನಿಲ್ಲಿಸಿ, ಅದರ ಮೇಲೆ ಬೆಳಕು ಬೀಳಲಿ. ಫೋನಿನ ಕ್ಯಾಮೆರಾ ಎಲೆಯ ಮಟ್ಟಕ್ಕೇ ಸರಿಯಾಗಿ ಇರಬೇಕು, ಮೇಲಿನಿಂದ ಇಳಿಜಾರಾಗಿ ನೋಡಿದರೆ ಕೋನ ತಪ್ಪು ಬರುತ್ತದೆ.

ಹನಿ ಇಡಲು ಇನ್ಸುಲಿನ್ ಸಿರಿಂಜ್ ತುಂಬಾ ಅನುಕೂಲ. 100 ಯೂನಿಟ್‌ನ ಸಿರಿಂಜಿನಲ್ಲಿ ಒಂದು ಯೂನಿಟ್ ಅಂದರೆ 10 ಮೈಕ್ರೋಲೀಟರ್, ಅಂದರೆ ಒಂದು ಮಿಲಿಲೀಟರಿನ ನೂರನೇ ಒಂದು ಭಾಗ. ಹನಿ ದೊಡ್ಡದಾದರೆ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ, ಆಗ ಅಳತೆ ಕೆಡುತ್ತದೆ. ಮಾವಿನ ಎಲೆಯ ಮೇಲೆ ಒಂದು ಯೂನಿಟ್ ಹನಿ ಸಲೀಸಾಗಿ ಕೂರುತ್ತದೆ. ತಾವರೆ, ಕೆಸುವಿನ ಮೇಲೆ ಹಾಗಲ್ಲ. ಸೂಜಿಯ ತುದಿಯಲ್ಲಿ ಹನಿ ತೂಗಾಡುತ್ತದೆ, ಎಲೆಗೆ ತಾಗಿಸಿದರೂ ಎಲೆ ಅದನ್ನು ಹಿಡಿಯುವುದಿಲ್ಲ, ಸೂಜಿ ಎತ್ತಿದರೆ ಹನಿಯೂ ಸೂಜಿಯ ಜೊತೆಗೇ ಮೇಲೆದ್ದು ಬರುತ್ತದೆ. ಹಾಗಾದರೆ ನಿಮ್ಮ ಎಲೆ ಒಳ್ಳೆಯ ಎಲೆ ಅಂತಲೇ ಅರ್ಥ. ಎರಡು ಯೂನಿಟ್ ಮಾಡಿ, ಸಿರಿಂಜನ್ನು ಮೆಲ್ಲಗೆ ತಟ್ಟಿ, ಹನಿ ಉದುರುತ್ತದೆ. ಎಲೆಯ ನಡುವೆ ಸ್ವಲ್ಪ ತಗ್ಗು ಇರುವ ಕಡೆ ಬೀಳಿಸಿ, ಇಲ್ಲದಿದ್ದರೆ ಉರುಳಿಕೊಂಡು ಹೊರಟುಹೋಗುತ್ತದೆ.

ಫೋಟೋ ತೆಗೆದು ದೊಡ್ಡದು ಮಾಡಿ. ಹನಿಯ ಅಂಚು ಎಲೆಗೆ ಸೇರುವ ಜಾಗದಲ್ಲಿ, ಹನಿಯ ಹೊರಮೈಗೆ ತಾಗುವ ಹಾಗೆ ಒಂದು ನೇರ ಗೆರೆ ಎಳೆಯಿರಿ. ಆ ಗೆರೆಗೂ ಎಲೆಗೂ ನಡುವಿನ ಕೋನವನ್ನು ನೀರಿನ ಒಳಗಿನಿಂದ ಅಳೆಯಬೇಕು. ಇದಕ್ಕೆ ಸ್ಪರ್ಶಕೋನ ಅನ್ನುತ್ತಾರೆ. 90 ಡಿಗ್ರಿಗಿಂತ ಕಡಿಮೆ ಬಂದರೆ ನೀರು ಎಲೆಯನ್ನು ನೆನೆಸುತ್ತಿದೆ. 90ಕ್ಕಿಂತ ಜಾಸ್ತಿ ಬಂದರೆ ಎಲೆ ನೀರನ್ನು ದೂರ ಇಡುತ್ತಿದೆ. 150 ದಾಟಿದರೆ ಅದು ಬೇರೆಯದೇ ಲೆಕ್ಕ, ತಾವರೆ 160ರ ಹತ್ತಿರ ಹೋಗುತ್ತದೆ. ಹನಿ ಬಹುತೇಕ ಪೂರ್ತಿ ಗುಂಡಾಗಿ ಎಲೆಗೆ ತಾಗಿದೆಯೋ ಇಲ್ಲವೋ ಅನ್ನುವಂತೆ ಕೂತಿರುತ್ತದೆ.

ಕೋನದಷ್ಟೇ ಮುಖ್ಯವಾದ ಇನ್ನೊಂದು ಅಳತೆ ಇದೆ, ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಡಬ್ಬಿಯನ್ನು ನಿಧಾನವಾಗಿ ಓರೆ ಮಾಡುತ್ತಾ ಬನ್ನಿ. ಎಷ್ಟು ಓರೆಯಾದಾಗ ಹನಿ ಹೊರಟಿತು? ತಾವರೆಯಲ್ಲಿ 10 ಡಿಗ್ರಿ ಕೂಡ ಬೇಕಾಗುವುದಿಲ್ಲ. ಹನಿ ಗುಂಡಗಿದ್ದೂ ತಲೆಕೆಳಗು ಮಾಡಿದರೂ ಬೀಳದೆ ಅಂಟಿಕೊಂಡಿರುವ ಎಲೆಗಳೂ ಇವೆ. ಗುಂಡಗೆ ಕೂರುವುದು ಬೇರೆ, ಉರುಳಿ ಹೋಗುವುದು ಬೇರೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ಇನ್ನೊಂದನ್ನು ತಪ್ಪದೆ ಮಾಡಿ. ಗಾಜಿನ ಲೋಟದಲ್ಲಿ ನೀರು ತುಂಬಿ ಕೆಸುವಿನ ತುಂಡನ್ನು ಒಳಗೆ ಮುಳುಗಿಸಿ, ಓರೆಯಿಂದ ನೋಡಿ. ಹಸಿರು ಎಲೆ ಬೆಳ್ಳಿಯ ತಗಡಾಗಿ ಮಿರುಗುತ್ತದೆ. ನೇರ ನೋಡಿದರೆ ಮತ್ತೆ ಹಸಿರು. ನೀರಿಗೂ ಎಲೆಗೂ ನಡುವೆ ಹರಳುಗಳ ಸಂದಿಯಲ್ಲಿ ಸಿಕ್ಕಿಕೊಂಡ ಗಾಳಿಯ ಪದರ ಅದು. ಬೆಳಕು ನೀರಿನಿಂದ ಗಾಳಿಗೆ ಹೋಗಲಾರದೆ ಪೂರ್ತಿ ತಿರುಗಿ ಬರುವುದರಿಂದ ಆ ಬೆಳ್ಳಿ ಬಣ್ಣ. ಹೊರಗೆ ತೆಗೆದರೆ ಎಲೆ ಒದ್ದೆಯೇ ಆಗಿರುವುದಿಲ್ಲ. ಬೆರಳಿಂದ ಉಜ್ಜಿದ ಜಾಗದಲ್ಲಿ ಮಾತ್ರ ಬೆಳ್ಳಿ ಕಾಣುವುದಿಲ್ಲ.

ಮೇಣದಬತ್ತಿ ಏನು ಹೇಳುತ್ತದೆ

ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಪರೀಕ್ಷೆ ಇದು. ಮೇಣದಬತ್ತಿ ಕರಗಿಸಿ ಗಾಜಿನ ತುಂಡಿನ ಮೇಲೆ ತೆಳುವಾಗಿ ಸುರಿದು ಆರಲು ಬಿಡಿ. ಅದರ ಮೇಲೆ ಅದೇ ಸಿರಿಂಜಿನಿಂದ ಹನಿ ಇಟ್ಟು ಕೋನ ಅಳೆಯಿರಿ. ಸುಮಾರು 105ರಿಂದ 110 ಡಿಗ್ರಿ ಬರುತ್ತದೆ. ಗಾಜನ್ನು ಓರೆ ಮಾಡಿ, ಹನಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಬತ್ತಿಯಲ್ಲಿರುವುದು ಪ್ಯಾರಾಫಿನ್, ಅಂದರೆ ಇಂಗಾಲ ಮತ್ತು ಜಲಜನಕ ಮಾತ್ರ ಇರುವ ಉದ್ದ ಸರಪಳಿ ಅಣುಗಳು. ಎಲೆಕೋಸಿನ ಮೇಣದಲ್ಲೂ ಅದೇ ಜಾತಿಯ ಅಣು ಧಾರಾಳವಾಗಿದೆ. ತಾವರೆಯ ಮೇಣದಲ್ಲಿ ಆಮ್ಲಜನಕ ಇರುವ ಅಣುಗಳೇ ಜಾಸ್ತಿ, ಅಂದರೆ ಲೆಕ್ಕಕ್ಕೆ ಅದು ಪ್ಯಾರಾಫಿನ್‌ಗಿಂತ ನೀರಿಗೆ ತುಸು ಹತ್ತಿರ. ಆದರೂ ತಾವರೆ 160, ಬತ್ತಿ 110! ಸಪಾಟಾದ ಮೇಣ ಎಷ್ಟೇ ಶುದ್ಧವಾಗಿದ್ದರೂ 110ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಲ್ಲಿಂದ ಮುಂದಿನ 50 ಡಿಗ್ರಿ ಬರುವುದು ಒರಟುತನದಿಂದ. ತಾವರೆ ಎಲೆಯ ಮೇಲ್ಮೈಯ ಕೋಶಗಳು ಒಂದೊಂದೂ ಉಬ್ಬಾಗಿ ಎದ್ದಿರುತ್ತವೆ, ಒಂದು ಚದರ ಮಿಲಿಮೀಟರಿಗೆ 3000ಕ್ಕೂ ಜಾಸ್ತಿ. ಆ ಉಬ್ಬುಗಳ ಮೈತುಂಬಾ ಮೇಣದ ಸಣ್ಣ ಕೊಳವೆಗಳು. ಹನಿ ಕೂರುವುದು ಆ ಕೊಳವೆಗಳ ತುದಿಯ ಮೇಲೆ, ಕೆಳಗೆಲ್ಲ ಗಾಳಿ.

ಜರ್ಮನಿಯ ಸಸ್ಯವಿಜ್ಞಾನಿಗಳಾದ ವಿಲ್ಹೆಲ್ಮ್ ಬಾರ್ಟ್‌ಲಾಟ್ ಮತ್ತು ಕ್ರಿಸ್ಟೋಫ್ ನೈನ್‌ಹುಯಿಸ್ 1997ರಲ್ಲಿ ತಾವರೆ ಎಲೆ ತನ್ನನ್ನು ತಾನೇ ತೊಳೆದುಕೊಳ್ಳುವ ಬಗೆಯನ್ನು ವಿವರವಾಗಿ ಬರೆದರು. ಅದನ್ನೂ ನೀವೇ ನೋಡಬಹುದು. ನುಣ್ಣಗೆ ಜರಡಿ ಹಿಡಿದ ಇಟ್ಟಿಗೆ ಪುಡಿಯನ್ನು ಎಲೆಯ ಮೇಲೆ ಉದುರಿಸಿ, ಒಂದು ಹನಿ ಬಿಟ್ಟು ಎಲೆಯನ್ನು ಅಲುಗಾಡಿಸಿ. ಹನಿ ಹೋದ ದಾರಿಯಲ್ಲಿ ಪುಡಿ ಪೂರ್ತಿ ಎದ್ದು ಹನಿಗೇ ಅಂಟಿಕೊಂಡು ಹೋಗುತ್ತದೆ. ಪುಡಿಗೂ ಎಲೆಗೂ ತಾಗುವ ಜಾಗ ಅಷ್ಟು ಕಡಿಮೆ. ಮಾವಿನ ಎಲೆಯ ಮೇಲೆ ಇದನ್ನೇ ಮಾಡಿದರೆ ಪುಡಿ ಕೆಸರಾಗಿ ಅಲ್ಲೇ ಉಳಿಯುತ್ತದೆ.

ಒಳಗಿರುವ ಅಣುಗಳು

ಇಷ್ಟು ಮಾಡಿದ ಮೇಲೆ ರಸಾಯನ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಎಲೆಯ ಹೊರಕೋಶಗಳು ಮೊದಲು 16 ಅಥವಾ 18 ಇಂಗಾಲದ ಕೊಬ್ಬಿನಾಮ್ಲ ಮಾಡುತ್ತವೆ, ಅಡುಗೆ ಎಣ್ಣೆಯಲ್ಲಿ ಇರುವಂಥದ್ದೇ. ಆಮೇಲೆ ಅದಕ್ಕೆ ಎರಡೆರಡೇ ಇಂಗಾಲ ಸೇರಿಸುತ್ತಾ ಹೋಗುತ್ತವೆ: 20, 22, 24, ಹೀಗೆ 30, 32ರವರೆಗೂ. ಅಲ್ಲಿಂದ ದಾರಿ ಎರಡಾಗುತ್ತದೆ. ಒಂದು ದಾರಿಯಲ್ಲಿ ತುದಿಯ ಆಮ್ಲ ಆಲ್ಕೊಹಾಲ್ (ಆಮ್ಲಜನಕ, ಜಲಜನಕ ಸೇರಿದ OH ಗುಂಪಿರುವ ಅಣು) ಆಗುತ್ತದೆ, ಇಂಗಾಲದ ಸಂಖ್ಯೆ ಸಮವಾಗಿಯೇ ಉಳಿಯುತ್ತದೆ, ಉದಾಹರಣೆಗೆ 28 ಇಂಗಾಲದ ಆಕ್ಟಕೋಸನಾಲ್. ಇನ್ನೊಂದು ದಾರಿಯಲ್ಲಿ ತುದಿಯ ಒಂದು ಇಂಗಾಲ ಕಳಚಿ ಹೋಗುತ್ತದೆ, ಹಾಗಾಗಿ ಬೆಸ ಸಂಖ್ಯೆಯ ಆಲ್ಕೇನ್, ಅಂದರೆ ಪ್ಯಾರಾಫಿನ್ ಜಾತಿಯ ಅಣು, ಸಿಗುತ್ತದೆ: 27, 29, 31. ಎಲೆಮೇಣದ ಆಲ್ಕೇನ್‌ಗಳಲ್ಲಿ ಬೆಸ ಸಂಖ್ಯೆಯವೇ ಜಾಸ್ತಿ ಇರುವುದಕ್ಕೆ ಇದೇ ಕಾರಣ.

ಈ ಬೆಸ ಸಂಖ್ಯೆ ಎಷ್ಟು ಗಟ್ಟಿ ಗುರುತು ಅಂದರೆ, ಎಲೆ ಕೊಳೆತು ನದಿ ಸೇರಿ ಸಮುದ್ರದ ತಳದಲ್ಲಿ ಸಾವಿರಾರು ವರ್ಷ ಕೂತ ಮೇಲೂ ಉಳಿದಿರುತ್ತದೆ. ಗೋದಾವರಿ ಸಮುದ್ರ ಸೇರುವ ಕಡೆ ಬಂಗಾಳ ಕೊಲ್ಲಿಯ ತಳದಿಂದ ತೆಗೆದ ಕೆಸರಿನಲ್ಲಿ ಸಿಕ್ಕ ಎಲೆಮೇಣವನ್ನು ಪರೀಕ್ಷಿಸಿ, ಸುಮಾರು 4000 ವರ್ಷಗಳ ಹಿಂದಿನಿಂದ ದಖ್ಖನ್ ಕಡೆ ಬರ ತಡೆಯುವ ಗಿಡಗಳು ಹೆಚ್ಚುತ್ತಾ ಬಂದವು ಎಂದು ಗುರುತಿಸಿದ್ದಾರೆ. ನಮ್ಮ ಬೀದರಿನ ಮಾಂಜ್ರಾ ನದಿಯೂ ಹರಿದು ಸೇರುವುದು ಆ ಗೋದಾವರಿಗೇ.

ಯಾವ ಗಿಡದಲ್ಲಿ ಏನು ಜಾಸ್ತಿ ಅನ್ನುವುದಕ್ಕೆ ಕೆಲವು ಉದಾಹರಣೆ. ಎಲೆಕೋಸಿನಲ್ಲಿ 29 ಇಂಗಾಲದ ನೋನಾಕೋಸೇನ್ ಎಂಬ ಆಲ್ಕೇನ್, ಜೊತೆಗೆ ಅದೇ ಸರಪಳಿಯ ನಟ್ಟನಡುವೆ, 15ನೇ ಇಂಗಾಲಕ್ಕೆ ಆಮ್ಲಜನಕ ಸೇರಿ ಆದ ಕೀಟೋನ್ ಮತ್ತು ಆಲ್ಕೊಹಾಲ್. ಈರುಳ್ಳಿ ಎಲೆಯಲ್ಲಿ 31 ಇಂಗಾಲದ ಕೀಟೋನ್, ಆಮ್ಲಜನಕ 16ನೆಯದರ ಮೇಲೆ, ಅಲ್ಲೂ ಸರಿಯಾಗಿ ನಡುವೆಯೇ. ಜೋಳದ ದಂಟಿನ ಬಿಳಿ ಪುಡಿಯಲ್ಲಿ 28 ಮತ್ತು 30 ಇಂಗಾಲದ ಕೊಬ್ಬಿನಾಮ್ಲಗಳು. ಗೋಧಿಯ ಬೂದುಬಣ್ಣದ ತೆನೆಕಾಂಡದಲ್ಲಿ ಎರಡು ಆಮ್ಲಜನಕ ಇರುವ ಬೀಟಾ-ಡೈಕೀಟೋನ್. ತಾವರೆಯಲ್ಲಿ 29 ಇಂಗಾಲದ, ಎರಡು ಕಡೆ ಆಲ್ಕೊಹಾಲ್ ಗುಂಪಿರುವ ಡಯೋಲ್‌ಗಳೇ ಹೆಚ್ಚಿನ ಪಾಲು. ದ್ರಾಕ್ಷಿ ಹಣ್ಣಿನ ಮೇಲಿನ ಬಿಳಿ ಪುಡಿ ಮಾತ್ರ ಬೇರೆ ಕುಲದ್ದು, ಅದರಲ್ಲಿ ಉದ್ದ ಸರಪಳಿಗಿಂತ ಉಂಗುರಗಳು ಕೂಡಿಕೊಂಡ ಓಲಿಯನಾಲಿಕ್ ಆಮ್ಲ ಜಾಸ್ತಿ.

ಒಂದೇ ಒಂದು ಆಮ್ಲಜನಕ ಸೇರಿದರೆ ಎಷ್ಟು ವ್ಯತ್ಯಾಸ ಅನ್ನುವುದನ್ನು ಚಮಚದಲ್ಲಿ ನೋಡಬಹುದು. ಕಬ್ಬಿನ ಗಿಣ್ಣಿನ ಕೆಳಗಿನ ಬಿಳಿ ಪಟ್ಟಿಯನ್ನು ಮೊಂಡು ಚಾಕುವಿನಿಂದ ಮೆಲ್ಲಗೆ ಕೆರೆದು ಪುಡಿ ಕೂಡಿಸಿ. ಸಂಕ್ರಾಂತಿ ಹೊತ್ತಿಗೆ ಕಬ್ಬು ಎಲ್ಲೆಡೆ ಸಿಗುತ್ತದೆ, ನಾಲ್ಕೈದು ಜಲ್ಲೆ ಕೆರೆದರೆ ಚಿಟಿಕೆಯಷ್ಟಾದರೂ ಬಂದೀತು. ಒಂದು ಸ್ಟೀಲ್ ಚಮಚದ ಒಂದು ಕಡೆ ಅದನ್ನೂ, ಇನ್ನೊಂದು ಕಡೆ ಬತ್ತಿಯ ಚೂರನ್ನೂ ಇಟ್ಟು, ಚಮಚದ ತಳ ಬಿಸಿನೀರಿಗೆ ತಾಗುವ ಹಾಗೆ ಹಿಡಿದು ಪಾತ್ರೆಯನ್ನು ಸಣ್ಣ ಉರಿಯಲ್ಲಿ ಕಾಯಿಸಿ. ಬತ್ತಿಯ ಚೂರು ಮೊದಲೇ ಕರಗಿ ಹರಿಯುತ್ತದೆ. ಕಬ್ಬಿನ ಮೇಣ ನೀರು ಇನ್ನೂ ಚೆನ್ನಾಗಿ ಕಾದ ಮೇಲೆ ಪಾರದರ್ಶಕವಾಗಿ ಕರಗುತ್ತದೆ, ಹೊರಗೆ ತೆಗೆದ ತಕ್ಷಣ ಮತ್ತೆ ಬೆಳ್ಳಗೆ ಮಬ್ಬಾಗುತ್ತದೆ. 28 ಇಂಗಾಲದ ಆಲ್ಕೇನ್ ಸುಮಾರು 61 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ, ಅದೇ 28 ಇಂಗಾಲದ ಆಲ್ಕೊಹಾಲ್ ಕರಗಲು ಸುಮಾರು 83 ಬೇಕು. ಅಣುಗಳ ಆಲ್ಕೊಹಾಲ್ ತುದಿಗಳು ಒಂದನ್ನೊಂದು ಹಿಡಿದುಕೊಳ್ಳುವುದರಿಂದ ಈ ಏರಿಕೆ. ತಾವರೆಯ ಡಯೋಲ್‌ಗಳಲ್ಲಿ ಹಿಡಿತ ಎರಡು ಕಡೆ, ಅದಕ್ಕೇ ಆ ಮೇಣ ಕರಗುವುದು 90ರಿಂದ 95 ಡಿಗ್ರಿಗೆ. ಉರಿಬಿಸಿಲಿನಲ್ಲಿ ನಿಲ್ಲುವ ಎಲೆಗೆ ಇದು ಸಣ್ಣ ಅನುಕೂಲ ಅಲ್ಲ.

ಅಂದಹಾಗೆ, ಕಬ್ಬು ಅರೆದಾಗ ಈ ಮೇಣವೆಲ್ಲ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರೆ, ರಸ ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್‌ಗೆ. ಮಂಡ್ಯ ಕಡೆ ಹೊಲಕ್ಕೆ ಗೊಬ್ಬರವಾಗಿ ಹಾಕುವ ಆ ಕಪ್ಪು ಮಡ್ಡಿಯಲ್ಲಿ ಕಬ್ಬಿನ ಮೇಣ ಇದ್ದೇ ಇರುತ್ತದೆ. ಎಲೆಮೇಣವನ್ನೇ ಬೆಳೆಯಾಗಿ ತೆಗೆಯುವ ಜಾಗವೂ ಇದೆ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಕಾರ್ನೌಬಾ ಎಂಬ ತಾಳೆ ಜಾತಿಯ ಮರದ ಎಲೆ ಕಡಿದು ಒಣಗಿಸಿ ಬಡಿದು ಪುಡಿ ಉದುರಿಸುತ್ತಾರೆ. ಕಾರ್ ಪಾಲಿಶ್, ಮಾತ್ರೆಗಳ ಹೊಳಪು ಅದರಿಂದಲೇ.

ಹರಳು ಆಕಾರ ಪಡೆಯುವುದು

ಈ ಉದ್ದ ಅಣುಗಳು ಊದುಬತ್ತಿ ಕಟ್ಟಿನ ಹಾಗೆ ಒಂದರ ಪಕ್ಕ ಒಂದು ನೆಟ್ಟಗೆ ನಿಲ್ಲುತ್ತವೆ. ಅಣುವಿನ ಉದ್ದವೇ ಪದರದ ದಪ್ಪ. ಒಂದೊಂದು ಇಂಗಾಲಕ್ಕೆ ಸುಮಾರು 0.127 ನ್ಯಾನೋಮೀಟರ್ (ನ್ಯಾನೋಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ) ಲೆಕ್ಕ ಹಿಡಿದರೆ 29 ಇಂಗಾಲಕ್ಕೆ 3.7 ನ್ಯಾನೋಮೀಟರ್ ಹತ್ತಿರ ಆಗುತ್ತದೆ. ಸರಪಳಿ ನುಣುಪಾಗಿದ್ದು ಆಮ್ಲಜನಕ ತುದಿಯಲ್ಲಿ ಮಾತ್ರ ಇದ್ದರೆ ಅಣುಗಳು ಸಲೀಸಾಗಿ ಹೊಂದಿಕೊಂಡು ಚಪ್ಪಟೆ ಹಾಳೆಯಾಗುತ್ತವೆ. ತುದಿಯಲ್ಲಿ ಆಲ್ಕೊಹಾಲ್ ಇರುವ ಮೇಣಗಳು ಸಾಮಾನ್ಯವಾಗಿ ಬಿಲ್ಲೆ ಬಿಲ್ಲೆಯಾಗಿ ನಿಲ್ಲುವುದು ಹೀಗೆ.

ಈಗ ಆಲ್ಕೊಹಾಲ್ ಗುಂಪನ್ನು ತುದಿಯಿಂದ ತೆಗೆದು 10ನೇ ಇಂಗಾಲದ ಮೇಲೆ ಇಡಿ. ಅಣುವಿನ ಪಕ್ಕಕ್ಕೆ ಒಂದು ಉಬ್ಬು ಬಂದಂತಾಯಿತು, ಅದೂ ನಡುವೆ ಅಲ್ಲ, ಒಂದು ಕಡೆಗೆ ವಾಲಿಕೊಂಡು. ಪಕ್ಕದ ಅಣು ಸರಿಯಾಗಿ ಒತ್ತಿ ನಿಲ್ಲಲು ಆಗುವುದಿಲ್ಲ. ಪದರ ಬಾಗುತ್ತದೆ, ಬಾಗುತ್ತಾ ಸುರುಳಿಯಾಗಿ ಕೊಳವೆಯಾಗುತ್ತದೆ. ಇಂಥ ಅಣುಗಳಿಂದ ಆದ ತಾವರೆಯ ಕೊಳವೆಗಳ ದಪ್ಪ ಸುಮಾರು 0.1 ಮೈಕ್ರಾನ್ (ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ), ಉದ್ದ ಒಂದು ಮೈಕ್ರಾನ್‌ವರೆಗೆ. ಗೋಧಿಯ ಬೀಟಾ-ಡೈಕೀಟೋನ್ ಕೊಳವೆಗಳು ಇನ್ನೂ ದಪ್ಪ, ಇನ್ನೂ ಉದ್ದ, 2ರಿಂದ 5 ಮೈಕ್ರಾನ್.

ಇದರಲ್ಲಿ ಬೆರಗಿನ ವಿಷಯ ಇನ್ನೊಂದು. ಹತ್ತನೇ ಇಂಗಾಲದ ಆ ಆಲ್ಕೊಹಾಲ್ ಎಡಗೈ ಬಲಗೈಯಂತೆ ಎರಡು ರೂಪದಲ್ಲಿ ಇರಬಹುದು. ಗಿಡ ಮಾಡುವುದು ಒಂದೇ ರೂಪ. ಅದೊಂದನ್ನೇ ಕರಗಿಸಿ ಮತ್ತೆ ಹರಳಾಗಲು ಬಿಟ್ಟರೆ ಗಾಜಿನ ಮೇಲೂ ಕೊಳವೆಯೇ ಬರುತ್ತದೆ. ಎರಡೂ ರೂಪ ಸಮವಾಗಿ ಬೆರೆಸಿದರೆ ಚಪ್ಪಟೆ ಬಿಲ್ಲೆ. ಅಂದರೆ ಕೊಳವೆಯನ್ನು ಎಲೆ ತಿದ್ದಿ ತೀಡಿ ಮಾಡುತ್ತಿಲ್ಲ, ಅಣು ತಾನೇ ಆಗುತ್ತಿದೆ. ಎಲೆ ಸರಿಯಾದ ಅಣುವನ್ನು ಹೊರಗೆ ಕಳಿಸಿದರೆ ಸಾಕು.

ಎಲೆಕ್ಟ್ರಾನ್ ಮತ್ತು ಎಕ್ಸ್‌-ರೇ ಚದುರಿಕೆಯಿಂದ 35 ಜಾತಿಯ ಗಿಡಗಳ ಮೇಣವನ್ನು ಪರೀಕ್ಷಿಸಿದಾಗ ಅಣುಗಳ ಜೋಡಣೆ ಮೂರು ಬಗೆ ಎಂದು ಕಂಡಿತು. ಹೆಚ್ಚಿನವು ಆರ್ಥೋರಾಂಬಿಕ್, ಅಂದರೆ ಹರಳಿನ ಮೂರು ಬದಿಗಳು ಒಂದಕ್ಕೊಂದು ಲಂಬವಾಗಿ, ಆದರೆ ಮೂರರ ಅಳತೆಯೂ ಬೇರೆ ಬೇರೆ. ತಾವರೆಯಂಥ ಆಲ್ಕೊಹಾಲ್ ಕೊಳವೆಗಳಲ್ಲಿ ಓರೆಯಾದ ಟ್ರೈಕ್ಲಿನಿಕ್ ಜೋಡಣೆ. ಬೀಟಾ-ಡೈಕೀಟೋನ್ ಕೊಳವೆಗಳಲ್ಲಿ ಆರುಮೂಲೆಯ ಜೋಡಣೆ. ಬಾರ್ಟ್‌ಲಾಟ್ ಮತ್ತು ಜೊತೆಗಾರರು 1998ರಲ್ಲಿ 13000 ಜಾತಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದ ಆಧಾರದ ಮೇಲೆ ಎಲೆಮೇಣವನ್ನು 23 ಬಗೆಯಾಗಿ ವಿಂಗಡಿಸಿದರು. ಬಿಲ್ಲೆ, ಕಡ್ಡಿ, ಕೊಳವೆ, ಎಳೆ, ಪೊರೆ ಎಲ್ಲವೂ ಅದರಲ್ಲಿವೆ.

ಕಾಲೇಜಿನ ಲ್ಯಾಬ್ ಸಿಕ್ಕರೆ

ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಈ ಕೊಳವೆಗಳು ಕಾಣುವುದಿಲ್ಲ. ಬೆಳಕಿನಲ್ಲಿ ಬಿಡಿಸಿ ನೋಡಬಹುದಾದ ಮಿತಿಯೇ ಸುಮಾರು 0.2 ಮೈಕ್ರಾನ್. ಆದರೆ ಮೇಣ ಹರಳು ಹೌದೋ ಅಲ್ಲವೋ ಅನ್ನುವುದನ್ನು ಅಲ್ಲೇ ಖಚಿತ ಮಾಡಿಕೊಳ್ಳಬಹುದು. ಚಮಚದಲ್ಲಿ ಕರಗಿಸಿದ ಕಬ್ಬಿನ ಮೇಣವನ್ನು ಸ್ಲೈಡಿನ ಮೇಲೆ ಸವರಿ, ಮೇಲೆ ಕವರ್‌ಸ್ಲಿಪ್ ಇಟ್ಟು, ಮತ್ತೊಮ್ಮೆ ಬಿಸಿ ಮಾಡಿ ನಿಧಾನ ಆರಿಸಿ. ಬೆಳಕಿನ ಕಂಪನವನ್ನು ಒಂದೇ ದಿಕ್ಕಿಗೆ ಸೋಸುವ ಪೋಲರಾಯ್ಡ್ ಹಾಳೆಯ ಒಂದು ತುಂಡನ್ನು ಸ್ಲೈಡಿನ ಕೆಳಗೂ ಇನ್ನೊಂದನ್ನು ಮೇಲೂ ಇಟ್ಟು, ಮೇಲಿನದನ್ನು ತಿರುಗಿಸುತ್ತಾ ಹೋಗಿ, ಸುತ್ತಲಿನ ಖಾಲಿ ಗಾಜು ಪೂರ್ತಿ ಕಪ್ಪಾಗುವಲ್ಲಿ ನಿಲ್ಲಿಸಿ. ಆ ಕಪ್ಪಿನಲ್ಲಿ ಮೇಣ ಮಾತ್ರ ಬೆಳಗುತ್ತದೆ. ಮತ್ತೆ ಬಿಸಿ ಮಾಡಿದರೆ ಕರಗಿದ ಕ್ಷಣಕ್ಕೆ ಆ ಬೆಳಕು ಆರಿಹೋಗುತ್ತದೆ, ತಣ್ಣಗಾಗುವಾಗ ಅಂಚಿನಿಂದ ಒಳಕ್ಕೆ ಮತ್ತೆ ಹೊತ್ತಿಕೊಂಡು ಬರುತ್ತದೆ. ಅಣುಗಳು ಸಾಲಾಗಿ ನಿಂತಾಗ ಮಾತ್ರ ಹೀಗಾಗುವುದು, ದ್ರವದಲ್ಲಿ ಆ ಸಾಲು ಇರುವುದಿಲ್ಲ.

ಲ್ಯಾಬಿನಲ್ಲಿ ಮೇಣ ತೆಗೆಯಲು ಎಲೆಯನ್ನು ಕ್ಲೋರೋಫಾರ್ಮಿನಲ್ಲಿ ಕೆಲವು ಸೆಕೆಂಡು ಅದ್ದುತ್ತಾರೆ. ಇದನ್ನು ಫ್ಯೂಮ್‌ಹುಡ್ ಒಳಗೆ, ತಿಳಿದವರ ಎದುರಿನಲ್ಲೇ ಮಾಡಬೇಕು, ಮನೆಯಲ್ಲಿ ಖಂಡಿತ ಬೇಡ. ಕ್ಲೋರೋಫಾರ್ಮ್ ಹೊರಗಿನ ಹರಳುಗಳ ಜೊತೆಗೆ ಒಳಪದರದಲ್ಲಿ ಬೆರೆತ ಮೇಣವನ್ನೂ ಎಳೆದುಕೊಂಡು ಬರುತ್ತದೆ, ಎರಡೂ ಕಲಸಿಹೋಗುತ್ತವೆ. ಮೇಲಿನದಷ್ಟೇ ಬೇಕಿದ್ದರೆ ಸೆಲ್ಲೋಟೇಪ್ ಒತ್ತಿ ಕೀಳುವುದೇ ಸರಳ. ಕಿತ್ತ ಜಾಗಕ್ಕೂ ಪಕ್ಕದ ಜಾಗಕ್ಕೂ ಹನಿ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಹೊಲ ತೋಟದಲ್ಲಿ

ಮೊದಲನೆಯದು, ಬೂದಿ ರೋಗವನ್ನೂ ಮೇಣವನ್ನೂ ಬೇರೆ ಮಾಡಿ ನೋಡುವುದು. ಬೂದಿ ರೋಗ ಮಚ್ಚೆ ಮಚ್ಚೆಯಾಗಿ ಶುರುವಾಗಿ ಹರಡುತ್ತದೆ, ಭೂತಗನ್ನಡಿಯಲ್ಲಿ ಎಳೆ ಎಳೆ ಕಾಣುತ್ತದೆ. ಮೇಣ ಎಲೆಯ ತುಂಬಾ ಒಂದೇ ಸಮ ಇರುತ್ತದೆ, ಉಜ್ಜಿದರೆ ಅಡಿಯಲ್ಲಿ ಆರೋಗ್ಯವಾದ ಹಸಿರು. ಮೇಣ ನೋಡಿ ರೋಗವೆಂದುಕೊಂಡು ಔಷಧಿಗೆ ದುಡ್ಡು ಹಾಕಬೇಡಿ.

ಎರಡನೆಯದು ಸಿಂಪಡಣೆ. ಎಲೆಕೋಸು, ಈರುಳ್ಳಿಗೆ ಬರೀ ನೀರಿನಲ್ಲಿ ಕಲಸಿದ ಔಷಧಿ ಹೊಡೆದರೆ ಹನಿಯೆಲ್ಲ ಉರುಳಿ ನೆಲಕ್ಕೆ ಹೋಗುತ್ತದೆ. ನೀರಿನ ಮೇಲ್ಮೈ ಸೆಳೆತ, ಅಂದರೆ ನೀರನ್ನು ಗುಂಡಗೆ ಹನಿಗಟ್ಟಿಸುವ ಎಳೆತ, ಮೀಟರಿಗೆ 72 ಮಿಲಿನ್ಯೂಟನ್. ಮೇಣದಂಥ ಮೈ ಚೆನ್ನಾಗಿ ನೆನೆಯಬೇಕಾದರೆ ಅದು ಸುಮಾರು 30ಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿಯಬೇಕು. ಸ್ಟಿಕ್ಕರ್, ಅಂಟುದ್ರಾವಣ ಅಂತ ಅಂಗಡಿಯಲ್ಲಿ ಕೊಡುವುದು ಇದಕ್ಕೇ. ಎಷ್ಟು ಬೇಕು ಅನ್ನುವುದನ್ನು ಹೊಲಕ್ಕೆ ಹೋಗುವ ಮುಂಚೆ ಒಂದು ಎಲೆಯ ಮೇಲೆ ಪರೀಕ್ಷಿಸಿ. ಲೇಬಲ್ ಹೇಳುವ ಕನಿಷ್ಠ ಪ್ರಮಾಣದಿಂದ ಶುರು ಮಾಡಿ, ಬರೀ ನೀರು ಮತ್ತು ಅಂಟುದ್ರಾವಣ ಬೆರೆಸಿ ಒಂದು ಹನಿ ಇಡಿ. ಹನಿ ಗುಂಡಗಿರುವುದನ್ನು ಬಿಟ್ಟು ಚಪ್ಪಟೆಯಾಗಿ ಹರಡಿತು ಅಂದರೆ ಅಷ್ಟೇ ಸಾಕು. ಮುಂದೆ ಹಾಕಿದ್ದು ದಂಡ, ಎಲೆಯ ಮೇಣಕ್ಕೂ ಪೆಟ್ಟು. ಲೇಬಲ್ಲಿನ ಗರಿಷ್ಠ ಪ್ರಮಾಣವನ್ನು ಮಾತ್ರ ದಾಟಬೇಡಿ.

ಈರುಳ್ಳಿಯಲ್ಲಿ ಇನ್ನೊಂದು ವಿಷಯವಿದೆ. 31 ಇಂಗಾಲದ ಆ ಕೀಟೋನ್ ಕಡಿಮೆ ಇರುವ, ಎಲೆ ಹೊಳೆಯುವ ತಳಿಗಳಲ್ಲಿ ಥ್ರಿಪ್ಸ್ ನುಸಿ ಕಡಿಮೆ ಎಂದು ಅಮೆರಿಕದ ಪ್ರಯೋಗಗಳಲ್ಲಿ ಕಂಡಿದೆ. ಹಾಗಂತ ಮೇಣ ಕಡಿಮೆ ಇದ್ದರೆ ಒಳ್ಳೆಯದು ಅನ್ನಲು ಬರುವುದಿಲ್ಲ. ನೀರು ಆವಿಯಾಗುವುದನ್ನು ತಡೆಯುವುದೂ ಮೇಣವೇ.

ಟಿಶ್ಯೂ ಕಲ್ಚರ್ ಬಾಳೆ ಸಸಿ ತರುವವರಿಗೆ ಇದು ಗೊತ್ತಿರಬೇಕು. ಬಾಟಲಿಯೊಳಗೆ ತೇವದಲ್ಲೇ ಬೆಳೆದ ಸಸಿಯ ಎಲೆಯಲ್ಲಿ ಮೇಣ ತೀರಾ ಕಡಿಮೆ. ನೇರ ಬಿಸಿಲಿಗೆ ತಂದರೆ ಬಾಡಿ ಬೀಳುತ್ತದೆ. ಮೊದಲು ಪಾಲಿಹೌಸಿನಲ್ಲಿ, ಆಮೇಲೆ ನೆರಳುಬಲೆಯಲ್ಲಿ ಇಟ್ಟು ಹದ ಮಾಡುವುದರ ಒಂದು ಮುಖ್ಯ ಕಾರಣ ಹೊಸ ಎಲೆಗಳು ಮೇಣ ಕಟ್ಟಿಕೊಳ್ಳಲಿ ಅಂತ. ಸಸಿ ಕೊಳ್ಳುವಾಗ ಹೊಸ ಎಲೆಯ ಹಿಂಬದಿ ನೋಡಿ. ಬಿಳಿ ಪುಡಿ ಕಾಣುತ್ತಿದ್ದರೆ, ಅದರ ಮೇಲೆ ನೀರು ಹನಿಗಟ್ಟುತ್ತಿದ್ದರೆ ಸಸಿ ಹದಕ್ಕೆ ಬರುತ್ತಿದೆ ಅಂತ ತಿಳಿಯಿರಿ.

ಕಳೆದುಹೋದ ಮೇಣ ಮತ್ತೆ ಬರುತ್ತದೆಯೇ? ಅನೇಕ ಗಿಡಗಳಲ್ಲಿ, ಎಲೆ ಇನ್ನೂ ಬೆಳೆಯುತ್ತಿರುವಾಗ ಬರುತ್ತದೆ. ಬಲಿತ ಎಲೆಯಲ್ಲಿ ನಿಧಾನ, ಕೆಲವು ಕಡೆ ಬರುವುದೇ ಇಲ್ಲ. ಕುಂಡದಲ್ಲಿರುವ ಒಂದು ಎಲೆಕೋಸಿನ ಗಿಡದಲ್ಲಿ ಎಳೆಯ ಎಲೆ ಒಂದು, ಬಲಿತ ಎಲೆ ಒಂದು ಆರಿಸಿ. ಎರಡರಲ್ಲೂ ರೂಪಾಯಿ ನಾಣ್ಯದಷ್ಟು ಜಾಗವನ್ನು ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿ, ಸುತ್ತ ಪೆನ್ನಿನಿಂದ ಗುರುತು ಹಾಕಿ. ದಿನಾ ಬೆಳಗ್ಗೆ ಒಂದೇ ಹೊತ್ತಿಗೆ, ಒಂದೇ ಅಳತೆಯ ಹನಿ ಇಟ್ಟು ಫೋಟೋ ತೆಗೆಯಿರಿ. ಹನಿಯನ್ನು ಬ್ಲಾಟಿಂಗ್ ಕಾಗದದ ಮೂಲೆ ತಾಗಿಸಿ ಹೀರಿ ತೆಗೆಯಬೇಕು, ಒರೆಸಬಾರದು. ತಾರೀಖು, ಎಳೆಯ ಎಲೆಯ ಕೋನ, ಬಲಿತ ಎಲೆಯ ಕೋನ, ಮಳೆ ಬಂತೋ ಇಲ್ಲವೋ, ಇಷ್ಟು ಬರೆದುಕೊಂಡರೆ ಸಾಕು. ಪಕ್ಕದಲ್ಲೇ ಒರೆಸದೆ ಬಿಟ್ಟ ಜಾಗದ ಕೋನವನ್ನೂ ಅಳೆಯಿರಿ, ಹೋಲಿಸಲು ಅದು ಬೇಕಾಗುತ್ತದೆ.